ಐದು ನಿಮಿಷದ ಇಸ್ತ್ರಿ

ಹೊಲಿಗೆ ಬಿಚ್ಚುವ ದಿನ ಹೆಚ್ಚಿನವರು ಮುಖ ಆ ಕಡೆ ತಿರುಗಿಸಿಕೊಳ್ಳುತ್ತಾರೆ. ಮಾಸ್ತರಮ್ಮ ಕನ್ನಡಕ ಏರಿಸಿಕೊಂಡು ತಮ್ಮ ಅಂಗೈಯ ಮೇಲೆ ತಾವೇ ಬಗ್ಗಿದರು.

"ಒಂಬತ್ತು," ಎಂದರು ಎಣಿಸಿ. "ಇಷ್ಟು ಉದ್ದಕ್ಕೆ ನಾನಾಗಿದ್ರೆ ಹನ್ನೆರಡು ಹಾಕ್ತಿದ್ದೆ. ಮೂರನೇದನ್ನೂ ನಾಲ್ಕನೇದನ್ನೂ ನೋಡಿ ಡಾಕ್ಟ್ರೇ, ಜಗಳ ಆಡ್ಕೊಂಡವರ ಹಾಗೆ ದೂರ ದೂರ ಕೂತಿವೆ."

"ಚರ್ಮಕ್ಕೆ ಒತ್ತೊತ್ತಾಗಿ ಹೊಲಿಗೆ ಹಾಕಬಾರದಮ್ಮ."

"ಬಟ್ಟೆಗೂ ಹಾಕಬಾರದು. ಆದ್ರೂ ಒಂದೇ ಅಂತರ ಅಂತ ಬೇಡ್ವೇ?"

ಸರ್ಜನ್ ಇಪ್ಪತ್ತು ವರ್ಷಗಳಿಂದ ಕೈಗಳನ್ನು ಹೊಲಿಯುತ್ತಿದ್ದರು. ಜನ ಅವರ ಕಾಲಿಗೆ ಬಿದ್ದದ್ದುಂಟು, ಬಿಲ್ಲು ನೋಡಿ ಗೊಣಗಿದ್ದುಂಟು. ಹೊಲಿಗೆಯ ಅಂತರ ಅಳೆದವರು ಇವರೇ ಮೊದಲು. ಆ ದಿನ ಮುಂದಿನ ರೋಗಿಗೆ ಹೊಲಿಗೆ ಹಾಕುವಾಗ ಅವರು ಮಾಮೂಲಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡರೆಂದು ನರ್ಸು ಆಮೇಲೆ ಹೇಳಿದಳು.

ಗಾಯ ಆದದ್ದು ಕತ್ತರಿಯಿಂದಲ್ಲ. ಇದನ್ನು ಮಾಸ್ತರಮ್ಮ ಕೇಳಿದವರಿಗೂ ಕೇಳದವರಿಗೂ ಮೊದಲೇ ಹೇಳಿಬಿಡುತ್ತಿದ್ದರು. ಮೂವತ್ತೊಂದು ವರ್ಷ ಹನ್ನೆರಡು ಅಂಗುಲದ ಕತ್ತರಿ ಹಿಡಿದ ಬಲಗೈಯನ್ನು ಕೊಯ್ದದ್ದು, ಗುಂಡಿ ತುಂಬಿಟ್ಟಿದ್ದ ಒಂದು ತಗಡಿನ ಡಬ್ಬಿಯ ಮುಚ್ಚಳ. ಕತ್ತರಿಯಿಂದಾಗಿದ್ದರೆ ಮರ್ಯಾದೆಯಾದರೂ ಉಳಿಯುತ್ತಿತ್ತು. ಹೆಬ್ಬೆರಳಿನ ಬುಡದಲ್ಲಿ ಎರಡೂಕಾಲು ಅಂಗುಲ ಹರಿದ ಮುಚ್ಚಳ ಚರ್ಮಕ್ಕೇ ಸಮಾಧಾನಪಡದೆ, ಹೆಬ್ಬೆರಳನ್ನು ಒಳಕ್ಕೆ ಬಾಗಿಸುವ ಹುರಿಯನ್ನೂ ತುಂಡುಮಾಡಿತ್ತು. ಸರ್ಜನ್ ಆ ಹುರಿಯ ಎರಡು ತುದಿಗಳನ್ನು ಹುಡುಕಿ ಜೋಡಿಸಿ, ಮೇಲೆ ಚರ್ಮ ಮುಚ್ಚಿದ್ದರು.

ಮಾಸ್ತರಮ್ಮ ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಬಟ್ಟೆ ಕತ್ತರಿಸುವವರನ್ನು ಕಟಿಂಗ್ ಮಾಸ್ತರ್ ಎನ್ನುವುದು ವಾಡಿಕೆ. ಹೆಂಗಸು ಆ ಮೇಜಿಗೆ ಬಂದಾಗ ಜನ ಒಂದು 'ಅಮ್ಮ' ಸೇರಿಸಿ ಕೆಲಸ ಮುಗಿಸಿದರು. ಅವರ ಅಂಗಡಿಯಲ್ಲಿ ಮೂರು ಮೆಷಿನ್, ಒಂದು ಕತ್ತರಿಸುವ ಮೇಜು. ಅಂಗಡಿಗಿದ್ದ ಒಂದೇ ಕಿಟಕಿಯ ಬೆಳಕೆಲ್ಲ ಆ ಮೇಜಿಗೆ. ಮೆಷಿನ್‌ನವರು ಹಗಲಲ್ಲೂ ದೀಪ ಹಾಕಿಕೊಂಡು ಹೊಲಿಯುತ್ತಿದ್ದರು, ಯಾರೂ ದೂರಿದ್ದಿಲ್ಲ. ಆ ಮೇಜಿನ ಮೇಲೆ ಬಟ್ಟೆ, ಸೀಮೆಸುಣ್ಣ, ಅಳತೆ ಪಟ್ಟಿ, ಕತ್ತರಿ ಬಿಟ್ಟು ಐದನೇ ವಸ್ತು ಇರಕೂಡದು. ಒಮ್ಮೆ ಅಲ್ಲಿ ಟೀ ಲೋಟ ಇಟ್ಟ ಗಿರಾಕಿಯೊಬ್ಬರು ಈಗಲೂ ಪ್ಯಾಂಟು ಬೇರೆ ಕಡೆ ಹೊಲಿಸುತ್ತಾರೆ.

ಹೆಬ್ಬೆರಳು ಬಾಗದಿದ್ದರೆ ಕತ್ತರಿ ಮುಚ್ಚುವುದಿಲ್ಲ. ಕತ್ತರಿ ಮುಚ್ಚದಿದ್ದರೆ ಆ ಮೇಜಿನಲ್ಲಿ ಮಾಸ್ತರಮ್ಮನಿಗೆ ಕೆಲಸವಿಲ್ಲ. ಇದರಲ್ಲಿ ಯಾರಿಗೂ ಸಂಶಯವಿರಲಿಲ್ಲ.

ಹೊಲಿಗೆ ಬಿಚ್ಚಿ ಗಾಯ ಪೂರ್ತಿ ಕೂಡಿಕೊಂಡ ಮೇಲೆ, ಮೂರನೇ ವಾರದಲ್ಲಿ, ಅವರನ್ನು ಆಸ್ಪತ್ರೆಯ ಮೂಲೆಯ ಕೋಣೆಗೆ ಕಳಿಸಿದರು. ಅಲ್ಲೊಂದು ಎತ್ತರದ ಮಂಚ, ಗೋಡೆಗೆ ಅಂಟಿಸಿದ ಕೈಯ ಚಿತ್ರ, ಒಬ್ಬಳು ಫಿಸಿಯೋ. ವಯಸ್ಸು ಮೂವತ್ತರ ಆಚೆ ಈಚೆ, ಮಾತು ಕಡಿಮೆ, ಬೆರಳು ಗಟ್ಟಿ. ಅವಳು ಮುಲಾಮಿನ ಒಂದು ಚೂರನ್ನು ಗಾಯದ ಗೆರೆಯ ಮೇಲಿಟ್ಟಳು.

"ಈಗ ನಿಮ್ಮ ಎಡಗೈ ಹೆಬ್ಬೆರಳು ಇದರ ಮೇಲಿಡಿ ಅಮ್ಮ. ಬೆರಳು ಚರ್ಮದ ಮೇಲೆ ಜಾರಬಾರದು. ಬೆರಳಿನ ಜೊತೆ ಚರ್ಮ ಜಾರಬೇಕು. ಮೊದಲು ಸುತ್ತ ಸುತ್ತ. ಆಮೇಲೆ ಗೆರೆಗೆ ಅಡ್ಡಡ್ಡ, ಆ ಕಡೆ ಈ ಕಡೆ. ಒತ್ತಿದ ಜಾಗ ಬಿಳುಚಬೇಕು, ಕಣ್ಣಲ್ಲಿ ನೀರು ಬರಬಾರದು. ದಿನಕ್ಕೆ ನಾಲ್ಕು ಸಲ, ಐದೈದು ನಿಮಿಷ. ಮಾಡಿ ನೋಡೋಣ."

ಮಾಸ್ತರಮ್ಮ ಮಾಡಿ ತೋರಿಸಿದರು. ಸುತ್ತ ಸುತ್ತ, ಅಡ್ಡಡ್ಡ. ಕೈ ಕೆಲಸದವರಿಗೆ ಕೈ ಕೆಲಸ ಒಮ್ಮೆ ನೋಡಿದರೆ ಸಾಕು.

"ಭಾರಿ ಚೆನ್ನಾಗಿ ಮಾಡ್ತೀರಿ," ಎಂದಳು ಫಿಸಿಯೋ. ಅಪರೂಪಕ್ಕೆ ಹೊಗಳುವವರು ಹೊಗಳಿದ್ದೇ ತಪ್ಪಾಯಿತು.

ಮನೆಗೆ ಬಂದು ಮಾಸ್ತರಮ್ಮ ಊಟದ ಮೇಜಿನ ಮುಂದೆ ಕೂತು ಕೈ ನೋಡಿಕೊಂಡರು. ಗೆರೆಗೆ ಅಡ್ಡ ಎಳೆಯಬೇಕಂತೆ! ಮೂವತ್ತೊಂದು ವರ್ಷದಲ್ಲಿ ಅವರು ಎಷ್ಟು ಮಂದಿಗೆ ಹೇಳಿಕೊಟ್ಟಿದ್ದರೋ, ಎಲ್ಲರಿಗೂ ಮೊದಲ ದಿನ ಹೇಳಿದ್ದು ಒಂದೇ ಮಾತು: ಹೊಸ ಹೊಲಿಗೆಯನ್ನು ಅಡ್ಡ ಎಳೆಯಬೇಡಿ, ಬಾಯಿ ಬಿಡುತ್ತೆ. ಹೊಲಿದ ಮೇಲೆ ಅದರ ಉದ್ದಕ್ಕೆ ಇಸ್ತ್ರಿ ತಾಗಿಸಿ, ಆಗ ದಾರ ಬಟ್ಟೆಯೊಳಗೆ ಕೂರುತ್ತೆ. ಇದು ಅವರಿಗೆ ಕಲಿತ ವಿದ್ಯೆಯಾಗಿ ಉಳಿದಿರಲಿಲ್ಲ; ಉಸಿರಾಟದ ಹಾಗೆ ಆಗಿಹೋಗಿತ್ತು. ಅದರ ಮೇಲೆ ಇಲ್ಲಿ ದಾರವನ್ನೂ ಕಿತ್ತುಹಾಕಿದ್ದಾರೆ. ದಾರವಿಲ್ಲದ ಹೊಲಿಗೆಯನ್ನು ಅಡ್ಡ ಎಳೆಯುವ ಬುದ್ಧಿವಂತರು ಯಾರಾದರೂ ಉಂಟೇ?

"ಆ ಹುಡುಗಿಗೆ ಮೈ ಗೊತ್ತು," ಎಂದರು ಗಂಡನಿಗೆ. "ಹೊಲಿಗೆ ನಂಗೆ ಗೊತ್ತು. ರೀ, ಟೈಮ್ ನೋಡಿ. ಇಸ್ತ್ರಿ ಮಾಡ್ತೀನಿ."

ಗಂಡ ಬಸ್ ಡಿಪೋದಲ್ಲಿ ಟೈಮ್ ಕೀಪರ್ ಆಗಿದ್ದು ನಿವೃತ್ತರಾದವರು. ಮೂವತ್ತಾರು ವರ್ಷ ಬಸ್ಸುಗಳ ಹೊರಡುವ ಹೊತ್ತು ಬರೆದವರಿಗೆ ನಿವೃತ್ತಿಯ ಮೇಲೆ ಬರೆಯುವುದಕ್ಕೆ ಯಾರೂ ಹೊರಡುತ್ತಿರಲಿಲ್ಲ. ಹೆಂಡತಿಯ ಕೈ ಅವರಿಗೆ ದೇವರು ಕೊಟ್ಟ ಬಸ್ಸಾಯಿತು. ಕೂಡಲೇ ಒಂದು ನೋಟ್‌ಬುಕ್ಕಿಗೆ ಗೆರೆ ಹೊಡೆದರು: ತಾರೀಕು, ಹೊರಟದ್ದು, ಮುಟ್ಟಿದ್ದು, ವಿವರ. ಬೆಳಗ್ಗೆ ಎಂಟು, ಹನ್ನೆರಡು, ನಾಲ್ಕು, ಸಂಜೆ ಏಳು. ಗಡಿಯಾರ ಹಿಡಿದು ಎದುರು ಕೂರುತ್ತಿದ್ದರು.

"ಹೂಂ, ಆಯ್ತು ಬಿಡಿ," ಎನ್ನುವರು ಮಾಸ್ತರಮ್ಮ.

"ನಾಲ್ಕು ನಿಮಿಷ ಐವತ್ತು ಸೆಕೆಂಡ್ ಆಗಿದೆ ಅಷ್ಟೇ."

"ಹತ್ತು ಸೆಕೆಂಡಲ್ಲಿ ನಿಮ್ಮ ಡ್ರೈವರು ಎಲ್ಲಿಗೆ ಮುಟ್ಟಿಸ್ತಿದ್ದ?"

"ಎಲ್ಲಿಗೂ ಇಲ್ಲ. ಅದಕ್ಕೇ ಹೊರಡೋಕೆ ಬಿಡ್ತಿರಲಿಲ್ಲ."

ಹೀಗೆ ಐದು ವಾರ ನಡೆಯಿತು. ಮಾಸ್ತರಮ್ಮ ಒಂದು ಸರ್ತಿಯೂ ತಪ್ಪಿಸಲಿಲ್ಲ. ತಪ್ಪಿಸುವ ಜಾತಿಯೇ ಅಲ್ಲ. ಜ್ವರ ಬಂದ ದಿನವೂ ಹೊದ್ದುಕೊಂಡು ಕೂತು, ಮುಲಾಮು ಹಚ್ಚಿ, ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ಗೆರೆಯುದ್ದಕ್ಕೂ ಎಡಗೈ ಬೆರಳು ಹಾಯಿಸಿದರು. ಗೆರೆ ಮಿರಮಿರ ಮಿಂಚತೊಡಗಿತು. ನೋಡಿದವರು ಎಷ್ಟು ಅಂದವಾಗಿ ಕೂಡಿಕೊಂಡಿದೆ ಎಂದರು. ಹೆಬ್ಬೆರಳು ಮಾತ್ರ ಇದ್ದಲ್ಲೇ ಇತ್ತು. ಕಿರುಬೆರಳಿನ ಬುಡ ಮುಟ್ಟಲು ಹೋಗಿ, ಎರಡು ಅಂಗುಲ ದೂರದಲ್ಲಿ, ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕರೆಯಲೆಂದು ಕಾಯುವ ನೆಂಟನ ಹಾಗೆ ನಿಂತುಬಿಡುತ್ತಿತ್ತು.

ಹದಿನೈದು ದಿನಕ್ಕೊಮ್ಮೆ ಆಸ್ಪತ್ರೆಗೆ ಹೋದಾಗ ಫಿಸಿಯೋ ಅಳೆದು, ಹಣೆ ಗಂಟಿಕ್ಕಿ, "ಮನೇಲಿ ಮಾಡ್ತಿದೀರಲ್ವಾ?" ಎನ್ನುವಳು. "ಒಂದೂ ಬಿಟ್ಟಿಲ್ಲ," ಎನ್ನುವರು ಮಾಸ್ತರಮ್ಮ. ಅದು ಸುಳ್ಳಲ್ಲ. ಅವಳ ಮುಂದೆ ಮಾಡಿ ತೋರಿಸುವಾಗ ಸುತ್ತ ಸುತ್ತ, ಅಡ್ಡಡ್ಡ. ಅದೂ ಸರಿಯೇ. ಪರೀಕ್ಷೆಗೆ ಒಂದು, ಮನೆಗೆ ಒಂದು.

ಅಷ್ಟರಲ್ಲಿ ಅಂಗಡಿಯ ಮೇಜಿಗೆ ಗಂಡನ ತಂಗಿ ಬಂದು ನಿಂತಿದ್ದಳು. ಈ ನಾದಿನಿ ಮೆಷಿನ್ ಮುಂದೆ ಕೂತರೆ ಬಿರುಗಾಳಿ. ದಿನಕ್ಕೆ ಎಂಟು ಷರ್ಟು ಎತ್ತಿಹಾಕುವವಳು. ಕತ್ತರಿ ಕೈಗೆ ಬಂದರೆ ಮಾತ್ರ ಅವಳ ಉಸಿರು ನಿಂತು, ನಾಲಗೆ ಹೊರಗೆ ಬಂದು, ಕಣ್ಣು ಮುಚ್ಚಿಕೊಂಡುಬಿಡುತ್ತಿತ್ತು ಎಂದು ಉಳಿದ ಇಬ್ಬರು ಹೊಲಿಯುವವರು ಹೇಳುತ್ತಾರೆ. ಏಳನೇ ವಾರದ ಕೊನೆಗೆ ಅವಳು ಮನೆಗೆ ಬಂದು, ಅಣ್ಣನಿಗೆ ಕಣ್ಸನ್ನೆ ಮಾಡಿ, ಅತ್ತಿಗೆಯ ಎದುರು ಕೂತಳು.

"ಅತ್ತಿಗೆ, ಒಂದು ಮಾತು ಹೇಳ್ತೀನಿ. ಬೈಬಾರದು."

"ಬೈಯೋದು ಕೇಳಿದ ಮೇಲೆ. ಹೇಳು."

"ಬ್ಯಾಂಡಿನವರ ಹನ್ನೊಂದು ಕೋಟು ಇತ್ತಲ್ಲ, ತೋಳು ಕತ್ತರಿಸಿದೆ."

"ಸಂತೋಷ."

"ಎಲ್ಲ ಎಡಗೈಯವೇ ಬಂದಿವೆ."

ಬಟ್ಟೆಯನ್ನು ಮಡಿಸಿ ಹಾಸಿದರೆ ಒಂದೇ ಸಲಕ್ಕೆ ಒಂದು ಎಡ, ಒಂದು ಬಲ ಬರುತ್ತವೆ. ಮಡಿಸದೆ ಪದರದ ಮೇಲೆ ಪದರ ಒಂದೇ ಮುಖಕ್ಕೆ ಹಾಸಿದರೆ, ಎಷ್ಟು ಪದರವೋ ಅಷ್ಟೂ ಒಂದೇ ಕೈಗೆ. ಮಾಸ್ತರಮ್ಮ ಕಣ್ಣು ಮುಚ್ಚಿ ಆ ದೃಶ್ಯವನ್ನು ನೋಡಿದರು.

"ಇಪ್ಪತ್ತೆರಡೂ?"

"ಇಪ್ಪತ್ತೆರಡೂ."

"ಆಯ್ತು. ಬ್ಯಾಂಡಿನವರಿಗೆ ಹೇಳು, ಬಲಗೈ ಮನೇಲಿಟ್ಟು ಬಂದು ಬಾರಿಸಲಿ ಅಂತ."

ನಾದಿನಿ ನಗಲಿಲ್ಲ. ಅವಳು ಹೇಳಲು ಬಂದ ಮಾತು ಇನ್ನೂ ಆಗಿರಲಿಲ್ಲ. "ಅತ್ತಿಗೆ, ನನ್ನಿಂದ ಆಗಲ್ಲ. ಆಚೆ ಬೀದಿಯಲ್ಲಿ ಕರೆಂಟಿನ ಕಟಿಂಗ್ ಮೆಷಿನ್ ತಂದಿದ್ದಾರೆ. ಬಟ್ಟೆ ಕಳಿಸಿದ್ರೆ ಕತ್ತರಿಸಿಯೇ ಕೊಡ್ತಾರೆ. ಮೇಜು ತೆಗೆದುಬಿಟ್ರೆ ಕಿಟಕಿ ಹತ್ರ ಇನ್ನೊಂದು ಹೊಲಿಯೋ ಮೆಷಿನ್ ಹಾಕಬಹುದು. ನೀವು ಕೌಂಟರಲ್ಲಿ ಕೂತು ಅಳತೆ ಬರೆಸ್ಕೊಳ್ಳಿ. ಜನಕ್ಕೆ ನಿಮ್ಮ ಮುಖ ನೋಡಿದ್ರೆ ಸಾಕು."

"ನನ್ನ ಮುಖ ಯಾವತ್ತಿಂದ ಅಷ್ಟು ಚೆನ್ನಾಗಾಯ್ತೇ?"

"ಪುಟ್ಟಿ ಹೇಳೋದ್ರಲ್ಲೂ..." ಎಂದು ಗಂಡ ಶುರುಮಾಡಿ, ಹೆಂಡತಿಯ ಕಡೆ ನೋಡಿ, ಗಡಿಯಾರಕ್ಕೆ ಕೀ ಕೊಡತೊಡಗಿದರು.

ಮಾಸ್ತರಮ್ಮ ಎಡಗೈ ಬೆರಳಲ್ಲಿ ವಾರ ಎಣಿಸಿದರು. ಮೂರು ತಿಂಗಳು ತುಂಬಿದ ದಿನ ಬನ್ನಿ ಎಂದು ಸರ್ಜನ್ ಹೇಳಿದ್ದರು. ಅಷ್ಟರೊಳಗೆ ಹೆಬ್ಬೆರಳು ಉಂಗುರ ಬೆರಳಿನ ಬುಡವನ್ನಾದರೂ ಮುಟ್ಟಬೇಕು. ಇಲ್ಲದಿದ್ದರೆ ಮತ್ತೆ ತೆರೆದು, ಅಂಟಿಕೊಂಡದ್ದನ್ನು ಬಿಡಿಸಬೇಕಾದೀತು. ಆಮೇಲೆ ಮತ್ತೆ ಪಟ್ಟಿ, ಮತ್ತೆ ಮೊದಲಿನಿಂದ. ಇನ್ನು ಐದು ವಾರ ಇತ್ತು.

"ಆ ದಿನದವರೆಗೆ ಮೇಜು ಒಂದಂಗುಲ ಅಲುಗಾಡಬಾರದು," ಎಂದರು. "ಅವತ್ತು ಡಾಕ್ಟ್ರು ಮತ್ತೆ ಕೊಯ್ಯಬೇಕು ಅಂದ್ರೆ, ಮೇಜಿನ ಒಂದು ಕಾಲು ನಾನೇ ಹಿಡ್ಕೊಂಡು ಆಚೆ ಸಾಗಿಸ್ತೀನಿ."

"ಎಡಗೈಯಲ್ಲಾ?" ಎಂದಳು ನಾದಿನಿ.

"ಎಡಗೈಯಲ್ಲೇ. ತೋಳಿಗೇನೂ ಕೊರತೆ ಇಲ್ಲವಲ್ಲ."

ಮರುವಾರ ಆಸ್ಪತ್ರೆಗೆ ಗಂಡನೂ ಜೊತೆಗೆ ಹೊರಟರು. ನೋಟ್‌ಬುಕ್ ಕಂಕುಳಲ್ಲಿತ್ತು. ಇಷ್ಟು ಶಿಸ್ತಿನ ದಾಖಲೆಯನ್ನು ಒಬ್ಬರಾದರೂ ಬಲ್ಲವರು ನೋಡಬೇಕೆಂಬುದು ಅವರ ಆಸೆ. ಫಿಸಿಯೋ ಅಳೆದು ಮತ್ತೆ ಹಣೆ ಗಂಟಿಕ್ಕಿದ್ದೇ ತಡ, ಅವರು ಪುಸ್ತಕ ಬಿಚ್ಚಿ ಅವಳ ಮುಂದಿಟ್ಟರು.

"ನೂರ ನಲವತ್ತು ಟ್ರಿಪ್ಪು. ಒಂದೂ ಕ್ಯಾನ್ಸಲ್ ಇಲ್ಲ, ಒಂದೂ ಲೇಟ್ ಇಲ್ಲ."

ಫಿಸಿಯೋ ಮೆಚ್ಚುಗೆಯಿಂದಲೇ ಹಾಳೆ ತಿರುವಿದಳು. ಆಮೇಲೆ ಒಂದು ಕಡೆ ಬೆರಳಿಟ್ಟಳು. "ಇಲ್ಲಿ 'ವಿವರ' ಅಂತ ಇದೆ. ಎಲ್ಲ ಕಡೆ 'ಇಸ್ತ್ರಿ' ಅಂತ ಬರೆದಿದ್ದೀರಿ. ಇಸ್ತ್ರಿ ಅಂದ್ರೇನು ಸರ್?"

ಮಾಸ್ತರಮ್ಮ ಗೋಡೆಯ ಮೇಲಿನ ಕೈಯ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

"ಇಸ್ತ್ರಿ ಅಂದ್ರೆ ಇಸ್ತ್ರಿ," ಎಂದರು ಗಂಡ. ತಮ್ಮ ಅಂಗೈಯ ಮೇಲೆ ಮೇಲಿಂದ ಕೆಳಕ್ಕೆ ಬೆರಳು ಎಳೆದು ತೋರಿಸಿದರು. "ಹೀಗೆ. ಉದ್ದಕ್ಕೆ. ನೀವೇ ಹೇಳಿಕೊಟ್ಟದ್ದಲ್ವೇ?"

ಫಿಸಿಯೋ ಪುಸ್ತಕ ಮುಚ್ಚಿದಳು.

"ಅಮ್ಮ."

"ಏನಮ್ಮ."

"ನನ್ನ ಮುಂದೆ ಒಂದು, ಮನೇಲಿ ಒಂದು."

"ಹೊಲಿಗೆ ಬಾಯಿ ಬಿಟ್ರೆ ಯಾರು ಜವಾಬ್ದಾರಿ?" ಸಿಕ್ಕಿಬಿದ್ದವರು ಎತ್ತುವ ದನಿಯಲ್ಲೇ ಮಾಸ್ತರಮ್ಮ ದನಿ ಎತ್ತಿದರು. "ಹೊಸ ಹೊಲಿಗೇನ ಅಡ್ಡ ಎಳೀತಾರೇನಮ್ಮ ಯಾರಾದ್ರೂ? ಯಾವ ಅಂಗಡೀಲಾದ್ರೂ ಹೋಗಿ ಕೇಳು."

ಫಿಸಿಯೋಗೆ ಸಿಟ್ಟು ಬಂದಿತ್ತು. ಅದನ್ನು ಅವಳು ಕುರ್ಚಿ ಮುಂದಕ್ಕೆಳೆದುಕೊಳ್ಳುವುದರಲ್ಲಿ ಕಳೆದಳು. ಆಮೇಲೆ ಮಾಸ್ತರಮ್ಮನ ಎಡ ಅಂಗೈಯನ್ನು ಮೇಜಿನ ಮೇಲೆ ಬಿಡಿಸಿ, "ನಿಮ್ಮ ಬಲಗೈ ತೋರುಬೆರಳು ಇಡಿ ಇದರ ಮೇಲೆ. ಒತ್ತಿ, ಅಲ್ಲಾಡಿಸಿ. ಚರ್ಮ ಏನು ಮಾಡುತ್ತೆ?" ಎಂದಳು.

"ಬೆರಳಿನ ಜೊತೆ ಹೋಗುತ್ತೆ. ಒಳಗಿನದು ಅಲ್ಲೇ ಇರುತ್ತೆ."

"ಈಗ ಎಡಗೈ ಬೆರಳು ಬಲಗೈ ಗೆರೆ ಮೇಲೆ. ಅಲ್ಲಾಡಿಸಿ."

ಮಾಸ್ತರಮ್ಮನ ಬೆರಳು ಅಲ್ಲಾಡಿತು. ಚರ್ಮ ಅಲ್ಲಾಡಲಿಲ್ಲ. ಬೆರಳು ಗೆರೆಯ ಮೇಲೆ ಸುಮ್ಮನೆ ಜಾರಿತು. ಇಷ್ಟು ದಿನ ಆಗುತ್ತಿದ್ದದ್ದೂ ಅದೇ. ಆದರೆ ಇಷ್ಟು ದಿನ ಅವರು ಜಾರುವುದಕ್ಕೆಂದೇ ಬೆರಳು ಇಟ್ಟಿದ್ದರು.

"ಬೆರಳು ತೆಗೀಬೇಡಿ. ಹೆಬ್ಬೆರಳು ಬಾಗಿಸಿ. ಗೆರೆ ನೋಡಿ."

ಹೆಬ್ಬೆರಳು ಬಾಗಲು ಹೊರಟಿತು. ಗೆರೆಯ ನಡುವೆ ಒಂದು ಜಾಗ ಒಳಕ್ಕೆ ಚಿಟುಕೆಯಷ್ಟು ಕುಸಿದು, ಸುತ್ತಲಿನ ಚರ್ಮವೆಲ್ಲ ಸುಕ್ಕುಗಟ್ಟಿ ಅದರತ್ತ ಬಂತು. ಮಾಸ್ತರಮ್ಮ ಕನ್ನಡಕ ಸರಿಮಾಡಿಕೊಂಡರು. ಇನ್ನೊಮ್ಮೆ ಬಾಗಿಸಿದರು. ಮತ್ತೆ ಕುಸಿಯಿತು. ಇದನ್ನು ಅವರು ನೋಡಿದ್ದರು. ಎಲ್ಲಿ ಎಂದು ನೆನಪಿಸಿಕೊಳ್ಳಬೇಕಾದ ಅಗತ್ಯವೂ ಇರಲಿಲ್ಲ. ಹೊಸದಾಗಿ ಕಲಿಯಲು ಬಂದವರೆಲ್ಲ ಒಮ್ಮೆಯಾದರೂ ಮಾಡುವ ತಪ್ಪು: ಪೈಜಾಮದ ಸೊಂಟದ ಮಡಿಕೆ ಹೊಲಿಯುವಾಗ ಒಳಗಿರುವ ಲಾಡಿಯನ್ನೂ ಸೇರಿಸಿ ಹೊಲಿದುಬಿಡುವುದು. ಆಮೇಲೆ ಲಾಡಿ ಎಳೆದರೆ ಲಾಡಿ ಬರುವುದಿಲ್ಲ. ಸಿಕ್ಕಿಕೊಂಡ ಜಾಗದಲ್ಲಿ ಬಟ್ಟೆ ಸುಕ್ಕುಗಟ್ಟಿ ಒಳಕ್ಕೆ ಹೋಗುತ್ತದೆ, ಥೇಟು ಹೀಗೇ.

"ಲಾಡಿ ಸೇರಿಸಿ ಹೊಲಿದುಬಿಟ್ಟಿದ್ದಾರೆ!" ಎಂದರು. "ಕರೀರಿ ಆ ಡಾಕ್ಟ್ರನ್ನ. ಒಂಬತ್ತು ಹೊಲಿಗೆ ನೋಡಿದಾಗಲೇ ನಂಗೆ ಅನುಮಾನ ಇತ್ತು."

"ಡಾಕ್ಟರ್ ಹೊಲಿದದ್ದಲ್ಲಮ್ಮ. ಅವರ ಹೊಲಿಗೆ ಯಾವಾಗಲೋ ತೆಗೆದಾಯ್ತು. ಇದು ನಿಮ್ಮ ಮೈಯೇ ಒಳಗೆ ಕೂತು ಹೊಲಿದದ್ದು. ಗಾಯ ಆದ ಮೇಲೆ ಮೈ ಹೊಲೀತಾನೇ ಹೋಗುತ್ತೆ. ಎಲ್ಲಿ ನಿಲ್ಲಿಸಬೇಕು ಅಂತ ಅದಕ್ಕೆ ಗೊತ್ತಾಗಲ್ಲ. ಚರ್ಮ, ಅದರ ಕೆಳಗಿನದು, ಹೆಬ್ಬೆರಳಿನ ಹುರಿ, ಅದೇ ನಿಮ್ಮ ಲಾಡಿ, ಎಲ್ಲಾನೂ ಸೇರಿಸಿ ಹಾಕಿಬಿಡುತ್ತೆ."

"ಬಿಚ್ಚೋದು ಹೇಗೆ?"

"ಕೊಯ್ದು ಬಿಚ್ಚಬಹುದು. ಕೊಯ್ದರೆ ಅದನ್ನೂ ಮೈ ಹೊಲಿಯೋಕೆ ಶುರುಮಾಡುತ್ತೆ. ಅದಕ್ಕೇ ಮೊದಲು ಕೈಯಲ್ಲಿ ನೋಡೋದು. ಅಡ್ಡಕ್ಕೆ."

ಟೈಮ್ ಕೀಪರ್ ಇಷ್ಟು ಹೊತ್ತು ನೋಟ್‌ಬುಕ್ಕನ್ನೇ ದಿಟ್ಟಿಸುತ್ತಿದ್ದರು. ನೂರ ನಲವತ್ತು ಸಾಲು, ಒಂದರ ಕೆಳಗೊಂದು. "ಹಾಗಾದ್ರೆ," ಎಂದರು ನಿಧಾನಕ್ಕೆ, "ಗಾಡಿ ಎಲ್ಲಾ ಟೈಮಿಗೆ ಸರಿಯಾಗಿ ಹೋಗಿದೆ. ಹೋಗಿದ್ದು ಬೇರೆ ಊರಿಗೆ."

ಫಿಸಿಯೋ ಮೊದಲ ಸಲ ನಕ್ಕಳು. ಮಾಸ್ತರಮ್ಮ ನಗಲಿಲ್ಲ. ಅವರು ಎಡಗೈ ಹೆಬ್ಬೆರಳನ್ನು ಆಗಲೇ ಆ ಕುಸಿದ ಜಾಗದ ಮೇಲಿಟ್ಟು, ಒತ್ತಿ, ಗೆರೆಗೆ ಅಡ್ಡ ತಳ್ಳುತ್ತಿದ್ದರು. ಮೂವತ್ತೊಂದು ವರ್ಷದ ಅಭ್ಯಾಸ ಒಳಗಿನಿಂದ ಬೇಡ ಬೇಡ ಎಂದು ಕೈ ಹಿಡಿಯುತ್ತಿತ್ತು. ಗೆರೆ ಬಾಯಿ ಬಿಡಲಿಲ್ಲ.

ಇನ್ನು ನಾಲ್ಕು ವಾರ.

ಮನೆಯಲ್ಲಿ ನೋಟ್‌ಬುಕ್ಕಿನ ಹಳೆಯ ಹಾಳೆಗಳಿಗೆ ಪಿನ್ನು ಹೊಡೆದು ಮುಚ್ಚಲಾಯಿತು. ಹೊಸ ಹಾಳೆಯಲ್ಲಿ 'ವಿವರ'ದ ಅಂಕಣವನ್ನು ಟೈಮ್ ಕೀಪರ್ ಅಗಲ ಮಾಡಿದರು: ಸುತ್ತು ಎರಡು ನಿಮಿಷ, ಅಡ್ಡ ಎರಡು ನಿಮಿಷ, ಎತ್ತಿ ಹಿಡಿಯುವುದು ಒಂದು ನಿಮಿಷ. ಎತ್ತಿ ಹಿಡಿಯುವುದೆಂದರೆ ಗೆರೆಯ ಚರ್ಮವನ್ನು ಎರಡು ಬೆರಳಲ್ಲಿ ಚಿವುಟಿ ಮೇಲಕ್ಕೆತ್ತುವುದು. ಮೊದಲ ದಿನ ಎತ್ತಲು ಏನೂ ಸಿಗಲಿಲ್ಲ. ಅದಾದ ಮೇಲೆ ಫಿಸಿಯೋ ಹೊಸದಾಗಿ ಸೇರಿಸಿದ ಪಾಠ: ಗೆರೆಯನ್ನು ಬೆರಳ ತುದಿಯ ಕಡೆಗೆ ಒತ್ತಿ ಹಿಡಿದು, ಹೆಬ್ಬೆರಳನ್ನು ಒಳಕ್ಕೆ ಬಾಗಿಸುವುದು. ಚರ್ಮ ಅತ್ತ, ಲಾಡಿ ಇತ್ತ. ಹತ್ತು ಸಲ.

ತಪ್ಪು ದಾರಿಯಲ್ಲಿ ಅಷ್ಟು ನಿಷ್ಠೆಯಿಂದ ನಡೆದವರು ಸರಿದಾರಿಯಲ್ಲಿ ಸುಮ್ಮನೆ ನಡೆಯುತ್ತಾರೆಯೇ? ಮೂರನೇ ದಿನ ಟೈಮ್ ಕೀಪರ್ ಸ್ನಾನದ ಮನೆಯ ಬಾಗಿಲು ತಟ್ಟಿದರು.

"ಒಳಗೇನು ಮಾಡ್ತಿದ್ದೀಯೇ?"

"ಸ್ನಾನ."

"ನೀರಿನ ಸದ್ದಿಲ್ಲ."

"ಶುರುಮಾಡಿಲ್ಲ ಇನ್ನೂ."

"ಎಕ್ಸ್‌ಟ್ರಾ ಟ್ರಿಪ್ ಬಿಡ್ತಿದ್ದೀಯಾ. ಗೆರೆ ಕೆಂಪಾಗಿದೆ ಅಂತ ಮಧ್ಯಾಹ್ನವೇ ನೋಡಿದೆ. ಕೆಂಪು ಹೋಗದೆ ಇನ್ನೊಂದು ಸಲ ಮುಟ್ಟಬಾರದು ಅಂತ ಆಕೆ ನನ್ನ ಮುಂದೆ ಹೇಳಿದ್ದು."

ಬಾಗಿಲು ತೆರೆಯಿತು. ಮಾಸ್ತರಮ್ಮ ಕೈ ಹಿಂದೆ ಇಟ್ಟುಕೊಂಡಿದ್ದರು. "ನೂರ ನಲವತ್ತು ಟ್ರಿಪ್ಪು ವೇಸ್ಟ್ ಮಾಡಿದ್ದೀನಲ್ಲ ರೀ."

ಅವರ ದನಿ ಅಪರೂಪಕ್ಕೆ ಸಣ್ಣದಾಗಿತ್ತು. ಡಿಪೋದಲ್ಲಿ ಲೇಟಾದ ಗಾಡಿಯನ್ನು ಜೋರಾಗಿ ಓಡಿಸಿ ಸರಿದೂಗಿಸುತ್ತೇನೆಂದು ಹೊರಟ ಡ್ರೈವರುಗಳನ್ನು ಟೈಮ್ ಕೀಪರ್ ನೋಡಿದ್ದರು. ಕೆಲವರನ್ನು ಆಸ್ಪತ್ರೆಗೂ ಹೋಗಿ ನೋಡಿ ಬಂದಿದ್ದರು.

"ಹೋದ ಟ್ರಿಪ್ಪು ಹೋಯ್ತು," ಎಂದರು. "ಏಳು ಗಂಟೆಯದು ಇವತ್ತು ಕ್ಯಾನ್ಸಲ್. ನಾನು ಬರೆದಾಯ್ತು."

ಮಾಸ್ತರಮ್ಮ ಒಪ್ಪಿದರು. ಮೂವತ್ತು ವರ್ಷದ ಸಂಸಾರದಲ್ಲಿ ಗಂಡನ ಮಾತು ಅವರು ಕೇಳಿದ ಸಂದರ್ಭಗಳು ಹೆಚ್ಚಿಲ್ಲ. ಅದರ ಲೆಕ್ಕ ಅವರು ಇಟ್ಟಿರಲಿಲ್ಲ, ಗಂಡ ಇಟ್ಟಿದ್ದರು.

ಹತ್ತನೇ ವಾರದಲ್ಲಿ ಒಂದು ಬೆಳಗ್ಗೆ, ಎಂಟು ಗಂಟೆಯ ಟ್ರಿಪ್ಪಿನ ನಾಲ್ಕನೇ ನಿಮಿಷದಲ್ಲಿ, ಗೆರೆಯ ಮೇಲ್ತುದಿಯಲ್ಲಿ ಚರ್ಮ ಚಿವುಟಿಗೆ ಸಿಕ್ಕಿತು. ಅಕ್ಕಿಕಾಳಿನಷ್ಟು. ಮಾಸ್ತರಮ್ಮ ಅದನ್ನು ಎತ್ತಿ ಹಿಡಿದು, ಉಸಿರು ಬಿಗಿಹಿಡಿದು, ಗಂಡನಿಗೆ ಕಣ್ಣಲ್ಲೇ ತೋರಿಸಿದರು. ಅವರು ಗಡಿಯಾರ ಬಿಟ್ಟು ಬಗ್ಗಿ ನೋಡಿದರು. ಆ ಟ್ರಿಪ್ಪಿನ ಸಾಲಿನಲ್ಲಿ 'ಮುಟ್ಟಿದ್ದು' ಅಂಕಣ ಖಾಲಿ ಇದೆ.

ಅಲ್ಲಿಂದ ದಿನಕ್ಕಿಷ್ಟು, ಒಳ್ಳೆಯ ಬಟ್ಟೆಯ ತಪ್ಪು ಹೊಲಿಗೆಯನ್ನು ಸೂಜಿಮೊನೆಯಿಂದ ಒಂದೊಂದಾಗಿ ಬಿಡಿಸುವ ಹಾಗೆ. ಕೆಲವು ದಿನ ಏನೂ ಬಿಡಲಿಲ್ಲ. ಒಂದು ಇಡೀ ವಾರ ನಡುವಿನ ಗುಳಿ ಹಟ ಹಿಡಿದು ಕೂತಿತು. ಮಾಸ್ತರಮ್ಮ ಅದಕ್ಕೂ ಹೆಚ್ಚು ಹಟದವರು. ಅದರ ಜೊತೆ ಮಾತನಾಡತೊಡಗಿದರು. "ಏನೇ, ಇವತ್ತಾದ್ರೂ ಬರ್ತೀಯೋ? ನಾನು ಬಿಡೋಳಲ್ಲ ಕಣೇ. ಇಲ್ಲೇ ಇರ್ತೀನಿ." ಅಂಗಡಿಗೆ ಹೋಗಲಿಲ್ಲ. ಮೇಜಿನ ಮೇಲೆ ಈಗ ಏನೇನು ಇಟ್ಟಿದ್ದಾರೋ ಎಂದು ನೋಡುವ ಧೈರ್ಯ ಅವರಿಗಿರಲಿಲ್ಲ ಎಂದು ಗಂಡ ಹೇಳುತ್ತಾರೆ. ಸಮಯವಿರಲಿಲ್ಲ ಎಂದು ಅವರು ಹೇಳುತ್ತಾರೆ.

ಮೂರು ತಿಂಗಳು ತುಂಬಿದ ದಿನ ನಾದಿನಿಯೂ ಆಸ್ಪತ್ರೆಗೆ ಬಂದಳು. ಸರ್ಜನ್ ಸ್ಕೇಲು ತೆಗೆದರು. ಮಾಸ್ತರಮ್ಮ ತಮ್ಮ ಅಳತೆ ಪಟ್ಟಿ ತೆಗೆದರು.

"ನಿಮ್ಮ ಸ್ಕೇಲಿನ ತುದಿ ಸವೆದಿದೆ ಡಾಕ್ಟ್ರೇ."

"ಬಾಗಿಸಿ," ಎಂದರು ಸರ್ಜನ್.

ಹೆಬ್ಬೆರಳು ಹೊರಟಿತು. ತೋರುಬೆರಳಿನ ಬುಡ ದಾಟಿತು. ನಡುಬೆರಳಿನ ಬುಡ ದಾಟಿತು. ನಡುವಿನ ಗುಳಿ ಇನ್ನೂ ಸ್ವಲ್ಪ ಕುಸಿಯಿತು, ಆದರೆ ಸುತ್ತಲಿನ ಚರ್ಮ ಅದರ ಹಿಂದೆ ಓಡಲಿಲ್ಲ. ಉಂಗುರ ಬೆರಳಿನ ಬುಡದ ಹತ್ತಿರ ಬೆರಳು ನಿಂತು ನಡುಗಿತು. ನಾದಿನಿ ಬಾಯಿಗೆ ಸೆರಗು ಒತ್ತಿಕೊಂಡಳು. ಫಿಸಿಯೋ ಬಾಗಿಲಲ್ಲಿ ಬಂದು ನಿಂತಿದ್ದಳು. ಮಾಸ್ತರಮ್ಮ ಯಾರನ್ನೂ ನೋಡಲಿಲ್ಲ. ಆ ಬೆರಳಿಗೆ ಮಾತ್ರ ಕೇಳುವ ಹಾಗೆ ಏನೋ ಬೈದರು. ಅದು ಮುಂದಕ್ಕೆ ಹೋಗಿ ಮುಟ್ಟಿತು. ಕಿರುಬೆರಳಿನವರೆಗೆ ಹೋಗಲಿಲ್ಲ. ಅರ್ಧ ಅಂಗುಲ ಉಳಿಯಿತು.

"ಮುಕ್ಕಾಲು," ಎಂದರು ಸರ್ಜನ್.

"ಅರ್ಧ," ಎಂದರು ಮಾಸ್ತರಮ್ಮ, ಪಟ್ಟಿ ತೋರಿಸಿ. ಸರ್ಜನ್ ಪಟ್ಟಿಯನ್ನೂ ಸ್ಕೇಲನ್ನೂ ನೋಡಿ ಅರ್ಧ ಎಂದು ಬರೆದುಕೊಂಡರು.

"ಮತ್ತೆ ತೆರೆಯೋ ಅಗತ್ಯ ಇಲ್ಲ. ಮಸಾಜು ನಿಲ್ಲಿಸಬೇಡಿ, ಇನ್ನೂ ಬಿಡುತ್ತೆ. ಕತ್ತರಿ ಹಿಡೀಬಹುದು. ತೆಳು ಬಟ್ಟೆ, ಒಂದೇ ಪದರ, ದಿನಕ್ಕೆ ಐದು ನಿಮಿಷ. ಹೆಚ್ಚಿಲ್ಲ."

"ಐದು ನಿಮಿಷ," ಎಂದರು ಟೈಮ್ ಕೀಪರ್, ಯಾರೋ ತಮ್ಮ ಹೆಸರು ಕರೆದ ಹಾಗೆ.

ನೇರ ಅಂಗಡಿಗೇ ಹೋದರು. ಬ್ಯಾಂಡಿನವರ ಬಟ್ಟೆ ಬೇಸಿಗೆಯ ಕೋಟಿನದು, ತೆಳುವಾದದ್ದು. ಉಳಿದ ತುಂಡನ್ನು ನಾದಿನಿ ಮುಟ್ಟದೆ ಮಡಿಸಿಟ್ಟಿದ್ದಳು. ಮೇಜು ಕಿಟಕಿಯ ಕೆಳಗೇ ಇತ್ತು. ಅದರ ಮೇಲೆ ನೂಲಿನ ಉಂಡೆಗಳು, ಒಂದು ಛತ್ರಿ, ಯಾರದೋ ಬಾಚಣಿಗೆ, ಒಂದು ಟೀ ಲೋಟ. ಲೋಟದ ಕೆಳಗೆ ಕಂದು ಬಣ್ಣದ ಉಂಗುರ. ಅದರ ಪಕ್ಕ ಹಳೆಯ ಉಂಗುರಗಳು ಇನ್ನೂ ಮೂರು ನಾಲ್ಕು.

ಮಾಸ್ತರಮ್ಮ ಬಾಗಿಲಲ್ಲೇ ನಿಂತು ಎಲ್ಲವನ್ನೂ ನೋಡಿದರು. ಇಬ್ಬರು ಹೊಲಿಯುವವರೂ ಮೆಷಿನ್ ನಿಲ್ಲಿಸಿದರು. ನಾದಿನಿ ಛತ್ರಿಯ ಕಡೆ ಕೈ ಚಾಚಿದಳು.

"ಛತ್ರಿ ಆಮೇಲೆ. ಮೊದಲು ಲೋಟ ತೆಗಿ."

ಲೋಟ ಹೋಯಿತು, ಉಳಿದದ್ದೂ ಹೋಯಿತು. ಬಟ್ಟೆ ಬಂತು, ಒಂದೇ ಪದರ. ಎಡಗೈಗೆ ಕತ್ತರಿಸಿದ್ದ ತೋಳೊಂದನ್ನು ಮಾಸ್ತರಮ್ಮ ಮಗುಚಿ ಹಾಕಿ, ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಕತ್ತರಿಯ ಹಿಡಿಗೆ ಹಳೆಯ ಬಟ್ಟೆಯ ಪಟ್ಟಿ ಸುತ್ತಿಕೊಂಡರು. ಹೆಬ್ಬೆರಳು ಒಳಗೆ ಹೋಯಿತು.

"ಹೊರಟಿತು," ಎಂದರು ಟೈಮ್ ಕೀಪರ್.

ಕತ್ತರಿಯ ಬಾಯಿ ತೆರೆಯಿತು. ಮುಚ್ಚುವಾಗ ಗುಳಿಯ ಜಾಗದಲ್ಲಿ ನೋವು ಚುಳ್ಳೆಂದಿತು. ಅವರು ಅಷ್ಟಕ್ಕೇ ನಿಲ್ಲಿಸಿ, ಕಾಯ್ದು, ಉಳಿದದ್ದನ್ನು ಮುಚ್ಚಿದರು. ಕರ್ ಎಂದು ಬಟ್ಟೆ ಬಿಟ್ಟುಕೊಂಡಿತು. ಮೊದಲಾದರೆ ಒಂದು ತೋಳಿಗೆ ಏಳು ಸಲ ಕತ್ತರಿ ಮುಚ್ಚಿದರೆ ಸಾಕಿತ್ತು. ಈಗ ಪುಟ್ಟ ಪುಟ್ಟ ಹೆಜ್ಜೆ. ಭುಜದ ತಿರುವಿನಲ್ಲಿ ಎರಡು ಸಲ ನಿಂತರು. ಗೆರೆಯಿಂದ ಆಚೀಚೆ ಹೋಗಲಿಲ್ಲ.

"ನಾಲ್ಕು ಐವತ್ತು," ಎಂದರು ಗಂಡ.

ತೋಳು ಬಟ್ಟೆಯಿಂದ ಬೇರೆಯಾಯಿತು. ಮಾಸ್ತರಮ್ಮ ಕತ್ತರಿ ಕೆಳಗಿಟ್ಟರು. ನಾದಿನಿ ಅದನ್ನೆತ್ತಿ ತನ್ನ ಬಲಗೈಗೆ ಹಿಡಿದು ನೋಡಿದಳು. ಮಗುಚಿ ನೋಡಿದಳು. ಅವಳ ಕಣ್ಣು ಒದ್ದೆಯಾಗಿತ್ತು, ಆದ್ದರಿಂದ ಜೋರಾಗಿ ಮಾತನಾಡಿದಳು.

"ಬಲಗೈಯದೇ ಅತ್ತಿಗೆ!"

"ನೀನು ಅಷ್ಟು ಆಶ್ಚರ್ಯಪಡಬೇಡ, ನಂಗೆ ಅವಮಾನ."

"ಇನ್ನು ಹತ್ತು ಬೇಕು. ದಿನಕ್ಕೊಂದು ಅಂದ್ರೂ ಹತ್ತು ದಿನ. ಬ್ಯಾಂಡಿನವರು ಹನ್ನೆರಡು ದಿನಕ್ಕೆ ಬರ್ತಾರೆ."

"ಬರಲಿ. ಎರಡು ದಿನ ಮಿಕ್ಕುತ್ತೆ." ಮಾಸ್ತರಮ್ಮ ಸ್ಟೂಲು ಎಳೆದುಕೊಂಡು ಮೇಜಿನ ಮುಂದೆ, ತಮ್ಮ ಹಳೆಯ ಜಾಗದಲ್ಲಿ ಕೂತರು. "ಆ ಎರಡು ದಿನ ನಿಂಗೆ ಬಟ್ಟೆ ಮಡಿಸೋದು ಹೇಳಿಕೊಡ್ತೀನಿ. ರೀ, ಗಂಟೆ ಎಷ್ಟು?"

"ನಾಲ್ಕಕ್ಕೆ ಎರಡು ನಿಮಿಷ."

ಮಾಸ್ತರಮ್ಮ ಕೈಚೀಲದಿಂದ ಮುಲಾಮು ತೆಗೆದು ಮೇಜಿನ ಮೇಲಿಟ್ಟರು. ಆ ಮೇಜಿನ ಮೇಲೆ ಅವರೇ ಇಟ್ಟ ಐದನೇ ವಸ್ತು ಅದು. ಬಲ ಅಂಗೈಯನ್ನು ಕಿಟಕಿಯ ಬೆಳಕಿಗೆ ಬಿಡಿಸಿ, ಗಂಡ ಹೂಂ ಎನ್ನುವವರೆಗೆ ಕಾದು, ಹೆಬ್ಬೆರಳು ಒತ್ತಿ, ಗೆರೆಗೆ ಅಡ್ಡಲಾಗಿ ತಳ್ಳಿದರು.